ದಾಸವಾಳದ ಎಲೆಗೆ ಮಸಿ, ಮೊಗ್ಗಿಗೆ ಹಿಟ್ಟು: ಎಲ್ಲದಕ್ಕೂ ಒಂದೇ ಔಷಧಿ ಸಾಕೇ?

ಅಂಗಳದ ಹೂಗಿಡ (ಬದಿಯಡ್ಕ)

ಎಲ್ಲರಿಗೂ ನಮಸ್ಕಾರ. ಬದಿಯಡ್ಕದಿಂದ ತುಸು ಒಳಗೆ, ಹಳೆಯ ತೆಂಗಿನ ತೋಟವೊಂದರ ಬದಿಯಲ್ಲಿ ಹದಿನೈದು ಸೆಂಟ್ಸ್ ಜಾಗ ಕೊಂಡು ನಾವು ಮನೆ ಕಟ್ಟಿಸಿದ್ದೇವೆ. ಮುಂದಿನ ಅಂಗಳದಲ್ಲಿ ದಾಸವಾಳ, ಕ್ರೋಟನ್, ನಂದಿಬಟ್ಟಲು, ಒಂದಷ್ಟು ಮಲ್ಲಿಗೆ, ಗೇಟಿನ ಬಳಿ ಅಲಂಕಾರದ ಎರಡು ಪಾಮ್, ಹಿತ್ತಿಲಿನಲ್ಲಿ ಬಸಳೆ ಚಪ್ಪರ ಮತ್ತು ಹಾಗಲ ಬಳ್ಳಿ ಇವೆ. ಮಳೆಗಾಲ ಮುಗಿಯುವವರೆಗೆ ಚೆನ್ನಾಗಿಯೇ ಇದ್ದ ಗಿಡಗಳು ಈಗ, ಮಕರ ತಿಂಗಳು ಕಳೆಯುವ ಹೊತ್ತಿಗೆ, ಒಂದೊಂದೂ ಒಂದೊಂದು ಬಗೆಯಲ್ಲಿ ಕೆಡುತ್ತಿವೆ. ದಾಸವಾಳದ ಎಲೆಗಳ ಮೇಲೆ ಕಪ್ಪು ಮಸಿ ಕಟ್ಟಿದೆ, ತುದಿಯ ಮೊಗ್ಗುಗಳಲ್ಲಿ ಬಿಳಿ ಹಿಟ್ಟಿನಂಥದ್ದು ಅಂಟಿಕೊಂಡು ಚಿಗುರು ಮುರುಟಿದೆ, ಇರುವೆಗಳ ಸಾಲು ಬೇರೆ. ಮಲ್ಲಿಗೆಯ ಮೊಗ್ಗು ಬಿಳಿಯಾಗುವ ಬದಲು ನೇರಳೆ ಬಣ್ಣಕ್ಕೆ ತಿರುಗಿ ಒಣಗುತ್ತದೆ. ಪಾಮ್ ಗಿಡದ ಹೊಸ ಗರಿ ಕತ್ತರಿಯಿಂದ ತ್ರಿಕೋನ ಕತ್ತರಿಸಿದಂತೆ ಬಿಚ್ಚಿಕೊಳ್ಳುತ್ತಿದೆ.

ಅಂಗಡಿಯಲ್ಲಿ ಕೇಳಿದಾಗ ಒಂದು ಸಣ್ಣ ಬಾಟಲಿ ಕೊಟ್ಟು, ಇದೊಂದನ್ನು ನೀರಿಗೆ ಬೆರೆಸಿ ಎಲ್ಲ ಗಿಡಕ್ಕೂ ಹೊಡೆಯಿರಿ ಎಂದರು. ಬಾಟಲಿಯ ಮೇಲೆ ಹಳದಿ ತ್ರಿಕೋನ ಇದೆ, ಹೆಸರು ಇಮಿಡಾಕ್ಲೊಪ್ರಿಡ್ ಎಂದಿದೆ. ಬಸಳೆ ಚಪ್ಪರ ಮೂರು ಮಾರು ದೂರದಲ್ಲಿರುವುದರಿಂದ ಇನ್ನೂ ಮುಚ್ಚಳ ತೆಗೆದಿಲ್ಲ. ಹೊಡೆಯಬಹುದೇ, ತಿಳಿದವರು ದಯವಿಟ್ಟು ಹೇಳಿ.

ಸಸಿ ಮಾರುವವ (ಉಪ್ಪಳ)

ಅಕ್ಕ, ಹೆದರುವಂಥದ್ದು ಏನೂ ಇಲ್ಲ. ರಸ ಹೀರುವ ಕೀಟಗಳಿಗೆ ಅದು ಒಳ್ಳೆಯ ಔಷಧಿಯೇ. ಗಿಡದ ಒಳಗೆ ಸೇರಿಕೊಳ್ಳುವುದರಿಂದ ಒಮ್ಮೆ ಹೊಡೆದರೆ ಕೆಲವು ವಾರ ನಿಶ್ಚಿಂತೆ. ಸಸಿಗಳನ್ನು ಮಾರುವ ನಮ್ಮಂಥವರಿಗೆ ಎಲೆಯಲ್ಲಿ ಒಂದು ಚುಕ್ಕೆ ಕಂಡರೂ ಗಿರಾಕಿ ಹಿಂದೆ ಹೋಗುತ್ತಾರೆ, ಆದ್ದರಿಂದ ನಾವು ಬಳಸುತ್ತೇವೆ. ಬಸಳೆಯ ಕಡೆಗೆ ಗಾಳಿ ಬೀಸದ ಹೊತ್ತು ನೋಡಿ ಹೊಡೆಯಿರಿ.

ನಿವೃತ್ತ ಮಾಷ್ಟ್ರು (ಮುಳ್ಳೇರಿಯ)

ಔಷಧಿಯ ಮಾತು ಆಮೇಲೆ ಬರಲಿ. ನೀವು ಬರೆದಿರುವ ಲಕ್ಷಣಗಳಲ್ಲಿ ಕಡಿಮೆಯೆಂದರೂ ನಾಲ್ಕು ಬೇರೆ ಬೇರೆ ಜೀವಿಗಳ ಕೆಲಸವಿದೆ, ಅವುಗಳಲ್ಲಿ ಒಂದು ದಾಸವಾಳದ ಮೇಲೆ ಇಲ್ಲವೇ ಇಲ್ಲ ಎಂದು ನನ್ನ ಅಂದಾಜು. ಮೂರು ಸಂಗತಿಗಳನ್ನು ನೋಡಿ ತಿಳಿಸಿ. ಮೊದಲನೆಯದಾಗಿ, ಒದ್ದೆ ಬೆರಳಿನಿಂದ ಆ ಕಪ್ಪನ್ನು ಉಜ್ಜಿದರೆ ಅದು ಎದ್ದು ಬಂದು ಕೆಳಗೆ ಹಸಿರು ಎಲೆ ಕಾಣುತ್ತದೆಯೇ? ಎರಡನೆಯದಾಗಿ, ಅದೇ ಜಾಗದಲ್ಲಿರುವ ಕ್ರೋಟನ್, ಬಟ್ಟೆ ಒಗೆಯುವ ಕಲ್ಲು, ನಿಲ್ಲಿಸಿದ ವಾಹನ ಮುಂತಾದ ಕಡೆಯೂ ಅಂಟಂಟು ಇದೆಯೇ? ಮೂರನೆಯದಾಗಿ, ದಾಸವಾಳದ ನೇರ ಮೇಲೆ ಏನಿದೆ?

ಅಂಗಳದ ಹೂಗಿಡ (ಬದಿಯಡ್ಕ)

ಮಾಷ್ಟ್ರೇ, ನೀವು ಹೇಳಿದ ಮೇಲೆ ನೋಡಿದೆ. ಕಪ್ಪು ಉಜ್ಜಿದರೆ ಹೋಗುತ್ತದೆ, ಕೆಳಗೆ ಎಲೆ ಹಸಿರಾಗಿಯೇ ಇದೆ. ಕ್ರೋಟನ್ ಎಲೆಯೂ ಸ್ಕೂಟರಿನ ಸೀಟೂ ಅಂಟುತ್ತಿವೆ. ಮೇಲೆ ಪಕ್ಕದ ತೋಟದ ತೆಂಗಿನ ಮರಗಳ ಗರಿ ಬಾಗಿಕೊಂಡಿದೆ. ಕೆಳಗಿನ ಗರಿಗಳೂ ಕಪ್ಪಾಗಿವೆ.

ನಿವೃತ್ತ ಮಾಷ್ಟ್ರು (ಮುಳ್ಳೇರಿಯ)

ಹಾಗಾದರೆ ಮಸಿಯ ವಿಚಾರ ಬಹುಮಟ್ಟಿಗೆ ಸ್ಪಷ್ಟವಾಯಿತು. ನಿಮ್ಮ ತೊಂದರೆ ಮೇಲಿನಿಂದ ಬೀಳುತ್ತಿದೆ. ತೆಂಗಿನ ಗರಿಯ ಅಡಿಭಾಗದಲ್ಲಿ ಸುರುಳಿ ಸುತ್ತುವ ಬಿಳಿ ನೊಣ ಕೂತಿರುತ್ತದೆ. ಮಧ್ಯ ಅಮೆರಿಕದ ಕಡೆಯ ಈ ಕೀಟ ನಮ್ಮ ದೇಶದಲ್ಲಿ ಮೊದಲು ವರದಿಯಾದದ್ದು 2016ರಲ್ಲಿ, ತಮಿಳುನಾಡಿನ ಪೊಳ್ಳಾಚಿಯ ತೆಂಗಿನ ತೋಟಗಳಲ್ಲಿ. ಅಲ್ಲಿಂದ ಪಾಲಕ್ಕಾಡಿನ ದಾರಿಯಾಗಿ ಕೇರಳವನ್ನೂ ಕರ್ನಾಟಕದ ಕರಾವಳಿಯನ್ನೂ ಅದು ವ್ಯಾಪಿಸಿತು. ಹೆಣ್ಣು ನೊಣ ಎಲೆಯ ಅಡಿಯಲ್ಲಿ ಸುರುಳಿಯಾಕಾರದ ಸಾಲಿನಲ್ಲಿ ಮೊಟ್ಟೆಯಿಟ್ಟು ಅದರ ಮೇಲೆ ಮೇಣದ ಪುಡಿ ಉದುರಿಸುತ್ತದೆ. ತೆಂಗು, ಬಾಳೆ, ಪೇರಳೆ ಇದರ ಮೆಚ್ಚಿನ ನೆಲೆಗಳು, ಅಲಂಕಾರದ ಪಾಮ್‌ಗಳೂ ಇದಕ್ಕೆ ಹೊರತಲ್ಲ. ರಸ ಹೀರಿ ಅದು ಬಿಡುವ ಸಿಹಿ ಅಂಟು ಕೆಳಗಿನ ಎಲೆಗಳ ಮೇಲೆ ಬೀಳುತ್ತದೆ, ಆ ಸಿಹಿಯ ಮೇಲೆ ಕಪ್ಪು ಬೂಷ್ಟು ಬೆಳೆಯುತ್ತದೆ. ಬೂಷ್ಟು ಎಲೆಯ ಒಳಗೆ ಬೇರಿಳಿಸುವುದಿಲ್ಲ, ಬಿಸಿಲನ್ನು ತಡೆಯುವುದಷ್ಟೇ ಅದರ ಹಾನಿ. ಆದುದರಿಂದ ದಾಸವಾಳಕ್ಕೆ ಎಷ್ಟು ಔಷಧಿ ಹೊಡೆದರೂ, ಮೇಲಿನ ಗರಿಯಲ್ಲಿ ನೊಣ ಇರುವಷ್ಟು ಕಾಲ ಮಸಿ ಬರುತ್ತಲೇ ಇರುತ್ತದೆ.

ಇನ್ನು ತೆಂಗಿಗೇ ಹೊಡೆಸಬಾರದೇ ಎಂದು ಕೇಳುವವರಿದ್ದಾರೆ. ಬೇಡ. ನಮ್ಮ ಕಾಸರಗೋಡಿನಲ್ಲೇ ಇರುವ, 1916ರಲ್ಲಿ ತೆಂಗು ಸಂಶೋಧನಾ ಕೇಂದ್ರವಾಗಿ ಆರಂಭವಾದ ಸಿ.ಪಿ.ಸಿ.ಆರ್.ಐ. ಸಂಸ್ಥೆ ಈ ಕೀಟದ ವಿಷಯದಲ್ಲಿ ರಾಸಾಯನಿಕ ಕೀಟನಾಶಕ ಬಳಸಬೇಡಿ ಎಂದು ಹೇಳುತ್ತಲೇ ಬಂದಿದೆ. ಅದಕ್ಕೆ ಕಾರಣ ಎನ್ಕಾರ್ಸಿಯಾ ಎಂಬ ಅತಿ ಸಣ್ಣ ಕಣಜ. ಅದು ಬಿಳಿ ನೊಣದ ಮರಿಯ ಒಳಗೆ ಮೊಟ್ಟೆಯಿಟ್ಟು, ತನ್ನ ಮರಿಗೆ ಅದನ್ನೇ ಆಹಾರ ಮಾಡುತ್ತದೆ. ವಿಷ ಹೊಡೆದರೆ ನೊಣಕ್ಕಿಂತ ಮೊದಲು ಈ ಕಣಜ ಸಾಯುತ್ತದೆ, ಆಮೇಲೆ ನೊಣಕ್ಕೆ ಕೇಳುವವರಿಲ್ಲ.

ನಿಮ್ಮ ಕಡೆ ಕಣಜ ಬಂದಿದೆಯೇ ಎಂದು ನೀವೇ ನೋಡಬಹುದು. ಕೆಳಗೆ ಬಿದ್ದ ಒಂದು ಗರಿಯ ತುಂಡನ್ನು ತೆಗೆದುಕೊಂಡು, ಅಡಿಭಾಗದ ಬಿಳಿ ಮೇಣವನ್ನು ಮೃದುವಾದ ಬ್ರಷ್ಷಿನಿಂದ ಒರೆಸಿ, ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿಯಲ್ಲಿ ನೋಡಿರಿ. ಆರೋಗ್ಯವಾಗಿರುವ ನೊಣದ ಕೋಶ ಹಳದಿ ಛಾಯೆಯದ್ದು, ಕಣಜ ಹೊಕ್ಕ ಕೋಶ ಕಪ್ಪಾಗಿರುತ್ತದೆ. ಖಾಲಿ ಕೋಶಗಳಲ್ಲಿ ಇನ್ನೊಂದು ಗುರುತು ಸಿಗುತ್ತದೆ: ನೊಣ ಹೊರಬಂದಿದ್ದರೆ ಬೆನ್ನಿನ ಮೇಲೆ ಇಂಗ್ಲಿಷಿನ ಟಿ ಅಕ್ಷರದ ಆಕಾರದ ಸೀಳು ಇರುತ್ತದೆ, ಕಣಜ ಹೊರಬಂದಿದ್ದರೆ ಸೂಜಿ ಚುಚ್ಚಿದಷ್ಟು ಸಣ್ಣ ದುಂಡು ತೂತು ಇರುತ್ತದೆ. ದುಂಡು ತೂತುಗಳೇ ಹೆಚ್ಚಾಗಿದ್ದರೆ ನೀವು ಮಾಡಬೇಕಾದದ್ದು ಹೆಚ್ಚೇನೂ ಉಳಿದಿಲ್ಲ. ಒಂದೂ ಇಲ್ಲದಿದ್ದರೆ, ಕಣಜ ಇರುವ ತೋಟದಿಂದ ಕಪ್ಪು ಕೋಶಗಳಿರುವ ಗರಿಯ ತುಂಡುಗಳನ್ನು ತಂದು ನಿಮ್ಮ ಮರಕ್ಕೆ ಕಟ್ಟಬಹುದು.

ಎಲೆಯ ಮೇಲಿನ ಮಸಿಗೆ ಒಂದು ಲೀಟರ್ ನೀರಿಗೆ ಹತ್ತು ಗ್ರಾಂ ಹಿಟ್ಟು ಹಾಕಿ ಕಾಯಿಸಿದ ತೆಳು ಗಂಜಿಯನ್ನು ಆರಿಸಿ ಸಿಂಪಡಿಸಿದರೆ, ಅದು ಬಿಸಿಲಿಗೆ ಒಣಗಿ ಏಳುವಾಗ ಬೂಷ್ಟನ್ನೂ ಹೊತ್ತುಕೊಂಡು ಉದುರುತ್ತದೆ. ಜೋರಾಗಿ ನೀರು ಹಾಯಿಸಿದರೂ ಸಣ್ಣ ಗಿಡಗಳಿಗೆ ಸಾಕು. ಈ ಕೀಟದ ಹಾವಳಿ ಒಣ ಹವೆಯಲ್ಲಿ ಏರಿ, ಮಿಥುನದ ಮಳೆ ಬಿದ್ದ ಮೇಲೆ ತಾನಾಗಿ ಇಳಿಯುತ್ತದೆ.

ಸಸಿ ಮಾರುವವ (ಉಪ್ಪಳ)

ಮಾಷ್ಟ್ರು ತೆಂಗಿನ ವಿಷಯ ಹೇಳಿದರು, ಒಪ್ಪುತ್ತೇನೆ. ಆದರೆ ಅಕ್ಕ ಬರೆದ ಬಿಳಿ ಹಿಟ್ಟು ಮೇಲಿನಿಂದ ಬಿದ್ದದ್ದಲ್ಲ. ಅದು ಹಿಟ್ಟು ತಿಗಣೆ. ಅದಕ್ಕೂ ಔಷಧಿ ಬೇಡ ಎನ್ನುವುದಾದರೆ ಗಿಡವೇ ಉಳಿಯದು.

ತೋಟದ ಬದಿ (ಕಾಟುಕುಕ್ಕೆ)

ಹಿಟ್ಟು ತಿಗಣೆಯ ಬಗ್ಗೆ ನಾನು ಬರೆಯುತ್ತೇನೆ, ಏಕೆಂದರೆ ನಮ್ಮ ಬೇಲಿಯುದ್ದಕ್ಕೂ ದಾಸವಾಳವೇ ಇರುವುದು. ದಾಸವಾಳಕ್ಕೆ ಬರುವ ಹಿಟ್ಟು ತಿಗಣೆಗಳಲ್ಲಿ ಎರಡನ್ನು ನಾವು ಹೆಚ್ಚಾಗಿ ಕಾಣುತ್ತೇವೆ. ಒಂದು, ಮೇಣವನ್ನು ಸರಿಸಿದರೆ ಮೈ ಗುಲಾಬಿ ಬಣ್ಣದ್ದಾಗಿರುವ ದಾಸವಾಳದ ತಿಗಣೆ. ಅದು ರಸ ಹೀರುವಾಗ ಬಿಡುವ ಎಂಜಲಿನಿಂದ ಚಿಗುರು ಮುದುಡಿ ಗಂಟು ಕಟ್ಟುತ್ತದೆ. ನೀವು ಹೇಳಿದ ಮುರುಟು ಅದರದ್ದೇ ಇರಬಹುದು. ಇನ್ನೊಂದು ಪಪ್ಪಾಯಿಯ ಹಿಟ್ಟು ತಿಗಣೆ, ಮೈ ಹಳದಿ. ಇದು ಭಾರತದಲ್ಲಿ ಮೊದಲು ಕಂಡದ್ದು 2008ರಲ್ಲಿ ಕೊಯಮತ್ತೂರಿನಲ್ಲಿ. ಪಪ್ಪಾಯಿ, ಮರಗೆಣಸು, ಹಿಪ್ಪುನೇರಳೆ ಎಲ್ಲವನ್ನೂ ಹಾಳು ಮಾಡಿದ ಈ ತಿಗಣೆಗೆ ಆಗ ಹೊಡೆಯದ ವಿಷವಿರಲಿಲ್ಲ. ಅದನ್ನು ಕೊನೆಗೂ ತಗ್ಗಿಸಿದ್ದು 2010ರಲ್ಲಿ ಪೋರ್ಟೊರಿಕೊದಿಂದ ಬೆಂಗಳೂರಿನ ಕೃಷಿ ಕೀಟ ಸಂಸ್ಥೆಗೆ ತರಿಸಿ, ಬೆಳೆಸಿ, ಹೊಲಗಳಿಗೆ ಬಿಟ್ಟ ಪರಾವಲಂಬಿ ಕಣಜಗಳು. ಆ ಕಣಜದ ಸಂತತಿ ಹಬ್ಬಿರುವುದರಿಂದಲೇ ಇಂದು ನಾವು ಪಪ್ಪಾಯಿ ತಿನ್ನುತ್ತಿದ್ದೇವೆ ಎಂದರೂ ತಪ್ಪಿಲ್ಲ.

ಅಂಗಳದ ನಾಲ್ಕು ಗಿಡಕ್ಕೆ ಮಾಡಬೇಕಾದದ್ದು ಸರಳ. ಮುರುಟಿದ ತುದಿಗಳನ್ನು ಒಂದು ಗೇಣು ಕೆಳಗಿನಿಂದ ಕತ್ತರಿಸಿ, ಕತ್ತರಿಸಿದಲ್ಲೇ ಸಾಬೂನು ನೀರಿನ ಬಾಲ್ದಿಗೆ ಹಾಕಿ ಮುಳುಗಿಸಿಡಿ. ಅದನ್ನು ಬೇಲಿಯಾಚೆ ಎಸೆದರೆ ಮರಿಗಳು ನಡೆದುಕೊಂಡೇ ಮರಳುತ್ತವೆ. ಉಳಿದ ಗೆಲ್ಲುಗಳಿಗೆ ಪೈಪಿನ ನೀರನ್ನು ಒತ್ತಡದಿಂದ ಹಾಯಿಸಿ, ಸಂಜೆ ಬೇವಿನೆಣ್ಣೆ ಸಿಂಪಡಿಸಿ. ಲೀಟರ್ ನೀರಿಗೆ ಐದು ಮಿಲಿ ಎಣ್ಣೆ ಸಾಕು, ಬಾರ್ ಸಾಬೂನನ್ನು ಮೊದಲು ಉಗುರು ಬೆಚ್ಚಗಿನ ನೀರಿನಲ್ಲಿ ಕರಗಿಸಿ ಅದಕ್ಕೆ ಎಣ್ಣೆಯನ್ನು ಸ್ವಲ್ಪ ಸ್ವಲ್ಪವಾಗಿ ಬೆರೆಸಿ ಕಲಕಿದರೆ ಮಾತ್ರ ಅದು ಹಾಲಾಗುತ್ತದೆ, ಇಲ್ಲದಿದ್ದರೆ ಎಣ್ಣೆ ಮೇಲೆ ತೇಲಿ ಕೊನೆಯಲ್ಲಿ ಒಂದೇ ಗಿಡಕ್ಕೆ ಬಿದ್ದು ಎಲೆ ಸುಡುತ್ತದೆ. ಹುಳು ಹೆಚ್ಚಿದ್ದರೆ ಹತ್ತು ಲೀಟರಿಗೆ ಇನ್ನೂರು ಮಿಲಿ ಬೇವಿನೆಣ್ಣೆ, ಇನ್ನೂರು ಗ್ರಾಂ ಬೆಳ್ಳುಳ್ಳಿಯ ರಸ, ಐವತ್ತು ಗ್ರಾಂ ಸಾಬೂನು ಸೇರಿಸಿದ ಮಿಶ್ರಣವನ್ನು ಕೃಷಿಭವನದವರೂ (ಇಲ್ಲಿನ ಸರಕಾರಿ ಕೃಷಿ ಕಚೇರಿ) ಹೇಳುತ್ತಾರೆ. ಅವರ ಕರಪತ್ರ ಮಲಯಾಳದಲ್ಲಿರುವುದರಿಂದ ನಮ್ಮ ಮನೆಯಲ್ಲಿ ಸೊಸೆಯೇ ಓದಿ ಹೇಳಬೇಕು, ಗಡಿನಾಡಿನಲ್ಲಿದ್ದು ಅಷ್ಟು ಕನ್ನಡ ಅಚ್ಚು ಹಾಕಿಸಿದ್ದರೆ ಯಾರಿಗೂ ನಷ್ಟವಿರಲಿಲ್ಲ.

ಒಂದು ಎಚ್ಚರಿಕೆ. ಹಿಟ್ಟಿನ ನಡುವೆ ಉಳಿದವುಗಳಿಗಿಂತ ದೊಡ್ಡದಾದ, ಮೈತುಂಬ ಉದ್ದುದ್ದ ಬಿಳಿ ಎಳೆಗಳಿರುವ, ಮುಟ್ಟಿದರೆ ಸರಸರನೆ ಓಡುವ ಹುಳು ಕಂಡರೆ ಅದನ್ನು ಕೊಲ್ಲಬೇಡಿ. ಅದು ಹಿಟ್ಟು ತಿಗಣೆಯೇ ಅಲ್ಲ, ತಿಗಣೆಯನ್ನು ತಿನ್ನುವ ಗುಲಗಂಜಿ ಹುಳುವಿನ ಮರಿ. ಆಸ್ಟ್ರೇಲಿಯಾ ಮೂಲದ ಈ ಕ್ರಿಪ್ಟೊಲೀಮಸ್ ದುಂಬಿಯನ್ನು ನಮ್ಮ ದೇಶಕ್ಕೆ 1898ರಲ್ಲೇ ತಂದಿದ್ದರು. ತಿಗಣೆ ಹೆಚ್ಚುಕಡಿಮೆ ಕೂತಲ್ಲೇ ಇರುತ್ತದೆ, ಇದು ಓಡಾಡುತ್ತದೆ, ಅದೇ ಗುರುತು. ಶತ್ರುವಿನ ವೇಷ ತೊಟ್ಟ ಕಾರಣಕ್ಕೆ ನಮ್ಮ ಕೈಯಿಂದಲೇ ಸಾಯುವ ಹುಳುಗಳಲ್ಲಿ ಇದಕ್ಕೆ ಮೊದಲ ಸ್ಥಾನ.

ಗೇರುಗುಡ್ಡೆ (ಪೆರ್ಲ)

ಹಿಟ್ಟು ತಿಗಣೆ ಎಂದರೆ ಇರುವೆಯ ಮಾತು ಬರಲೇಬೇಕು. ಇರುವೆಗಳನ್ನು ತಡೆಯದೆ ಏನು ಮಾಡಿದರೂ ವ್ಯರ್ಥ. ಸಿಹಿ ಅಂಟಿಗಾಗಿ ಅವು ತಿಗಣೆಯನ್ನು ಕಾಯುತ್ತವೆ, ಗುಲಗಂಜಿ ಹುಳು ಮತ್ತು ಕಣಜಗಳನ್ನು ಓಡಿಸುತ್ತವೆ, ಮರಿಗಳನ್ನು ಹೊಸ ಚಿಗುರಿಗೆ ಹೊತ್ತೊಯ್ಯುವುದೂ ಉಂಟು. ದಾಸವಾಳದ ಬುಡದಲ್ಲಿ ಬಟ್ಟೆಯ ಪಟ್ಟಿ ಸುತ್ತಿ ಅದರ ಮೇಲೆ ಗ್ರೀಸ್ ಹಚ್ಚಿ. ತೊಗಟೆಗೆ ನೇರವಾಗಿ ಹಚ್ಚಬೇಡಿ. ಬೇಲಿಗೆ, ಗೋಡೆಗೆ ತಾಗಿದ ಗೆಲ್ಲುಗಳನ್ನು ಕತ್ತರಿಸದಿದ್ದರೆ ಇರುವೆ ಆ ದಾರಿಯಾಗಿ ಬರುತ್ತದೆ.

ಆದರೆ ಎಲೆ ಹೊಲಿದು ಗೂಡು ಕಟ್ಟುವ ಚಗಳಿ ಇರುವೆಯನ್ನು ಇಡೀ ಹಿತ್ತಿಲಿನಿಂದ ಓಡಿಸಬಾರದು ಎಂಬುದು ನನ್ನ ವಾದ. ನಮ್ಮ ಗೇರು ಮರಗಳಲ್ಲಿ ಚಗಳಿ ಇರುವ ಮರಕ್ಕೂ ಇಲ್ಲದ ಮರಕ್ಕೂ ಚಿಗುರಿನ ವ್ಯತ್ಯಾಸ ಕಣ್ಣಿಗೆ ಕಾಣುತ್ತದೆ. ಗೇರಿನ ದೊಡ್ಡ ಶತ್ರುವಾದ ಟೀ ಸೊಳ್ಳೆಯನ್ನು ಅದು ಹಿಡಿದು ತಿನ್ನುತ್ತದೆ.

ನಿವೃತ್ತ ಮಾಷ್ಟ್ರು (ಮುಳ್ಳೇರಿಯ)

ಗೇರಿನಲ್ಲಿ ಚಗಳಿ ಉಪಕಾರಿ ಎಂಬುದಕ್ಕೆ ನನ್ನ ತಕರಾರಿಲ್ಲ. ಆದರೆ ಅದೇ ಚಗಳಿ ಹಿಟ್ಟು ತಿಗಣೆಯನ್ನೂ ಶಲ್ಕ ಕೀಟವನ್ನೂ ಸಾಕುತ್ತದೆ, ಮಾವಿನ ಮರದಲ್ಲಿ ಅದರ ಹಳೆಯ ಗೂಡು ಬಿಡಿಸಿ ನೋಡಿದವರಿಗೆ ಇದು ಗೊತ್ತು. ಗೇರು ಮತ್ತು ಮಾವಿನಲ್ಲಿ ಇರಲಿ, ದಾಸವಾಳ, ಪೇರಳೆ, ಲಿಂಬೆಯಲ್ಲಿ ಬೇಡ ಎಂದರೆ ಇಬ್ಬರಿಗೂ ಒಪ್ಪಿಗೆಯಾದೀತು. ಹೂ ಕೊಯ್ಯುವ ಗಿಡದಲ್ಲಿ ಅದರ ಕಡಿತವನ್ನು ಸಹಿಸುವವರು ಯಾರೂ ಇಲ್ಲ.

ಗೇರುಗುಡ್ಡೆ (ಪೆರ್ಲ)

ಒಪ್ಪಿದೆ ಮಾಷ್ಟ್ರೇ. ಟೀ ಸೊಳ್ಳೆಯ ಮಾತು ಬಂದುದರಿಂದ ಅಂಗಳದವರಿಗೂ ಒಂದು ಗುರುತು ಹೇಳಿಬಿಡುತ್ತೇನೆ. ಪೇರಳೆಯ ಕಾಯಿಯ ಮೇಲೆ ಕಂದು ಬಣ್ಣದ ಗಟ್ಟಿ ಕಜ್ಜಿಯಂತಹ ಚುಕ್ಕೆಗಳಿದ್ದರೆ ಅದು ಅನೇಕ ಸಲ ಇದರದ್ದೇ ಚುಚ್ಚು. ಹೆಸರು ಸೊಳ್ಳೆಯಾದರೂ ಇದು ತಿಗಣೆಯ ಜಾತಿ. ಉದ್ದ ಮೀಸೆ, ಕೆಂಪು ಕಂದು ಎದೆ, ಬೆನ್ನಿನ ಮೇಲೆ ಗುಂಡುಸೂಜಿ ನೆಟ್ಟಂತೆ ನಿಂತಿರುವ ಒಂದು ಸಣ್ಣ ಕಡ್ಡಿ. ಆ ಕಡ್ಡಿಯನ್ನು ಒಮ್ಮೆ ನೋಡಿದವರು ಮರೆಯುವುದಿಲ್ಲ. ಚಳಿಗಾಲದ ಚಿಗುರು ಮತ್ತು ಹೂವಿನ ಹೊತ್ತಿಗೆ ಅದು ಹೆಚ್ಚುತ್ತದೆ, ಬೆಳಿಗ್ಗೆ ಮತ್ತು ಸಂಜೆಯ ತಂಪಿನಲ್ಲಿ ಕಾಣಸಿಗುತ್ತದೆ.

ಗಡಿಮನೆ (ಎಣ್ಮಕಜೆ)

ನಾನು ಸಾಮಾನ್ಯವಾಗಿ ಓದುವವನೇ ಹೊರತು ಬರೆಯುವವನಲ್ಲ, ಆದರೆ ಟೀ ಸೊಳ್ಳೆಯ ಹೆಸರು ಬಂದ ಮೇಲೆ ನಮ್ಮ ಊರಿನವರು ಸುಮ್ಮನಿರುವುದು ಕಷ್ಟ. ಈ ಒಂದು ಕೀಟಕ್ಕಾಗಿ 1970ರ ದಶಕದ ಕೊನೆಯ ಭಾಗದಿಂದ 2000ದ ಇಸವಿಯವರೆಗೆ ನಮ್ಮ ಗುಡ್ಡಗಳ ಗೇರು ತೋಪುಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದರು. ತೋಪಿನ ಕೆಳಗೆ ಹರಿಯುವ ತೋಡು, ನೀರಿಗಾಗಿ ಗುಡ್ಡಕ್ಕೆ ಕೊರೆದ ಸುರಂಗ, ಬಾವಿ ಎಲ್ಲವೂ ಆ ಗುಡ್ಡದ ನೀರನ್ನೇ ನಂಬಿದ್ದವು. ಮುಂದಿನದು ಎಲ್ಲರಿಗೂ ತಿಳಿದದ್ದು. 2011ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ದೇಶದಾದ್ಯಂತ ಅದನ್ನು ತಡೆಯಿತು, 2017ರ ಜನವರಿಯಲ್ಲಿ ಬಾಧಿತರಿಗೆ ತಲಾ ಐದು ಲಕ್ಷ ರೂಪಾಯಿ ಕೊಡಲು ಆದೇಶಿಸಿತು. ಅಂಗಳದ ದಾಸವಾಳಕ್ಕೂ ಹೆಲಿಕಾಪ್ಟರಿಗೂ ಹೋಲಿಕೆಯಿಲ್ಲ ಎಂದು ಸಸಿ ಮಾರುವ ಅಣ್ಣ ಹೇಳಬಹುದು, ಅದು ನಿಜವೇ. ನನ್ನ ಪ್ರಶ್ನೆ ಇಷ್ಟೇ: ಅಂದು ಕೂಡ ಯಾವ ಮರದಲ್ಲಿ ಎಷ್ಟು ಸೊಳ್ಳೆ ಇದೆ ಎಂದು ಯಾರಾದರೂ ಕೆಳಗೆ ಬಂದು ನೋಡಿದ್ದರೇ? ಗುಡ್ಡ ಪೂರ್ತಿ ಒಂದೇ ಅಳತೆಯಲ್ಲಿ ಸುರಿದದ್ದಲ್ಲವೇ?

ಸಸಿ ಮಾರುವವ (ಉಪ್ಪಳ)

ನಿಮ್ಮ ಊರಿನ ನೋವಿನ ಮುಂದೆ ವಾದ ಮಾಡುವುದಿಲ್ಲ. ಆದರೂ ಹೇಳುತ್ತೇನೆ, ಗಿಡಕ್ಕೆ ವಿಷ ಬೇಡ ಎನ್ನುವವರೇ ಗೆದ್ದಲು ಕಂಡ ದಿನ ಗಡಿ ದಾಟಿ ಹೋಗಿ ಕಾರ್ಬೊಫ್ಯೂರಾನ್ ಕಾಳು ಎಲ್ಲಿ ಸಿಗುತ್ತದೆ ಎಂದು ಹುಡುಕುತ್ತಿದ್ದರು. ಕೇರಳದಲ್ಲಿ 2011ರಲ್ಲೇ ಅದನ್ನೂ ಫೋರೇಟ್, ಮೊನೊಕ್ರೊಟೊಫಾಸ್ ಮುಂತಾದವನ್ನೂ ನಿಲ್ಲಿಸಿದ್ದರೂ ಗಡಿಯ ತಲಪಾಡಿಯ ಆಚೆ, ಕರ್ನಾಟಕದಲ್ಲಿ, ನಿಯಮ ಬೇರೆ ಇತ್ತು. ಇಮಿಡಾಕ್ಲೊಪ್ರಿಡ್ ಆ ಪಟ್ಟಿಯದ್ದಲ್ಲ, ಕಾನೂನಿನ ಪ್ರಕಾರ ಮಾರುವಂಥದ್ದು.

ನಿವೃತ್ತ ಮಾಷ್ಟ್ರು (ಮುಳ್ಳೇರಿಯ)

ಮಾರಲು ಅನುಮತಿ ಇರುವುದು ಬೇರೆ, ಈ ಅಂಗಳಕ್ಕೆ ತಕ್ಕದ್ದಾಗಿರುವುದು ಬೇರೆ. ಲೇಬಲ್ಲಿನ ತ್ರಿಕೋನದಲ್ಲಿ ಕೆಂಪು ಅತ್ಯಂತ ವಿಷಕಾರಿ, ಅದರ ನಂತರ ಹಳದಿ, ಬಳಿಕ ನೀಲಿ, ಕೊನೆಗೆ ಹಸಿರು. ಹಳದಿ ಎಂದರೆ ಎರಡನೆಯ ಸ್ಥಾನ. ಗಿಡದ ಒಳಗೆ ಸೇರುವ ಔಷಧಿ ಹೂವಿನ ಪರಾಗಕ್ಕೂ ಮಕರಂದಕ್ಕೂ ಸೇರುತ್ತದೆ. ದಾಸವಾಳಕ್ಕೆ ದಿನವಿಡೀ ಸೂರಕ್ಕಿ ಬರುತ್ತದೆ, ಜೇನು ಬರುತ್ತದೆ, ನಮ್ಮಲ್ಲಿ ಆ ಎಲೆಯನ್ನು ತಾಳಿಯಾಗಿ, ಅಂದರೆ ತಲೆ ತೊಳೆಯುವ ಲೋಳೆಯಾಗಿ, ತಲೆಗೆ ಹಚ್ಚುತ್ತಾರೆ, ಹೂವನ್ನು ತಂಬುಳಿ ಮಾಡುವವರೂ ಇದ್ದಾರೆ. ಇದಲ್ಲದೆ, ಅಕ್ಕ ಪಟ್ಟಿ ಮಾಡಿದ ನಾಲ್ಕು ತೊಂದರೆಗಳಲ್ಲಿ ಪಾಮ್ ಕತ್ತರಿಸುವ ದುಂಬಿಗೂ ಮೇಲಿನಿಂದ ಬೀಳುವ ಮಸಿಗೂ ಈ ಬಾಟಲಿ ಉಪಯೋಗಕ್ಕೆ ಬಾರದು. ಅಂದ ಮೇಲೆ ಎಲ್ಲದಕ್ಕೂ ಒಂದೇ ಔಷಧಿ ಎಂಬ ಮಾತಿಗೆ ಏನು ಅರ್ಥ?

ಮಲ್ಲಿಗೆ ಕಟ್ಟುವವಳು (ಮಂಜೇಶ್ವರ)

ಮಲ್ಲಿಗೆಯ ಪ್ರಶ್ನೆಗೆ ಯಾರೂ ಉತ್ತರಿಸದ ಕಾರಣ ಬರೆಯುತ್ತಿದ್ದೇನೆ. ಮೊಗ್ಗು ನೇರಳೆ ಬಣ್ಣಕ್ಕೆ ತಿರುಗಿ, ತೊಟ್ಟಿನ ಕಡೆ ಉಬ್ಬಿಕೊಂಡು, ಅರಳದೆ ಒಣಗಿದರೆ ಅದು ಹೂವಿನ ನುಸಿನೊಣ. ಅಂತಹ ಒಂದು ಮೊಗ್ಗನ್ನು ಉಗುರಿನಿಂದ ಸೀಳಿ ಬಿಳಿ ಕಾಗದದ ಮೇಲೆ ಹಿಡಿದರೆ ಕೆನೆಬಣ್ಣದ, ಕಾಲಿಲ್ಲದ ಅತಿ ಸಣ್ಣ ಹುಳುಗಳು ಹೊರಳುವುದು ಕಾಣುತ್ತದೆ. ಬದಲಾಗಿ ಮೊಗ್ಗಿನಲ್ಲಿ ತೂತು ಇದ್ದು, ಪಕ್ಕದ ಮೊಗ್ಗುಗಳು ನೂಲಿನಿಂದ ಹೆಣೆದುಕೊಂಡು, ಒಳಗೆ ಹಸಿರು ಬಣ್ಣದ ಹುಳು ಇದ್ದರೆ ಅದು ಮೊಗ್ಗು ಕೊರಕ. ಒಂದೇ ಹುಳು ಒಂದು ಮೊಗ್ಗು ಮುಗಿಸಿ ಇನ್ನೊಂದಕ್ಕೆ ಹೋಗುತ್ತದೆ. ಎರಡಕ್ಕೂ ಉಪಾಯ ಬೇರೆ ಬೇರೆ.

ನುಸಿನೊಣದ ಹುಳು ಬೆಳೆದ ಮೇಲೆ ಮಣ್ಣಿಗೆ ಬಿದ್ದು ಅಲ್ಲೇ ಕೋಶ ಕಟ್ಟುತ್ತದೆ. ಹಾಗಾಗಿ ನೇರಳೆಯಾದ ಮೊಗ್ಗುಗಳನ್ನು ದಿನವೂ ಬಿಡಿಸಿ ಸುಡಬೇಕು, ಬುಡದ ಮಣ್ಣನ್ನು ಮೇಲಿನಿಂದ ಕೆದಕಿ ಬಿಸಿಲಿಗೆ ಒಡ್ಡಬೇಕು, ಬೇವಿನ ಹಿಂಡಿ ಹಾಕಬೇಕು. ಮೊಗ್ಗು ಬುಡದಲ್ಲಿ ಉದುರಿ ಬಿದ್ದಿರಲು ಬಿಟ್ಟು ಮೇಲೆ ಏನು ಹೊಡೆದರೂ ಮತ್ತೆ ಅದೇ ಪಾಡು. ಮೊಗ್ಗು ಕೊರಕಕ್ಕೆ ಬೇವಿನೆಣ್ಣೆಯ ಸಿಂಪಡಣೆ ನಡೆಯುತ್ತದೆ, ಆದರೆ ಹುಳು ಮೊಗ್ಗಿನ ಒಳಗೆ ಹೋಗುವ ಮೊದಲು ಮಾಡಬೇಕು. ನಾವು ಹೂವನ್ನು ಮೂಗಿನ ಹತ್ತಿರ ಹಿಡಿದು, ಬಾಯಲ್ಲಿ ದಾರ ಕಚ್ಚಿ ಕಟ್ಟುವವರು. ಹೊಡೆದ ವಿಷ ಮೊದಲು ತಲುಪುವುದು ನಮಗೆ.

ಅಂಗಳದ ಹೂಗಿಡ (ಬದಿಯಡ್ಕ)

ಅಕ್ಕ, ಮೊಗ್ಗು ಸೀಳಿ ನೋಡಿದೆ, ನೀವು ಹೇಳಿದ ಕೆನೆಬಣ್ಣದ ಹುಳುಗಳೇ. ಧನ್ಯವಾದ. ನಂದಿಬಟ್ಟಲಿನಲ್ಲಿಯೂ ಇಂದು ಹೆಬ್ಬೆರಳು ಗಾತ್ರದ ಒಂದು ಹಸಿರು ಹುಳು ಸಿಕ್ಕಿತು, ಮುಂಭಾಗದಲ್ಲಿ ಎರಡು ನೀಲಿ ಕಣ್ಣುಗಳಿವೆ. ಒಂದು ಗೆಲ್ಲಿನ ಎಲೆಗಳನ್ನೆಲ್ಲ ತಿಂದಿದೆ. ಇದಕ್ಕೇನು ಮಾಡಲಿ?

ಗೇರುಗುಡ್ಡೆ (ಪೆರ್ಲ)

ಅದು ಕಣಗಿಲೆಯ ಗಿಡುಗ ಪತಂಗದ ಮರಿ. ಆ ನೀಲಿ ಕಣ್ಣುಗಳು ಹಕ್ಕಿಗಳನ್ನು ಹೆದರಿಸಲು ಇರುವ ಚುಕ್ಕೆಗಳು, ನಿಜವಾದ ಕಣ್ಣಲ್ಲ. ನಂದಿಬಟ್ಟಲು, ಕಣಗಿಲೆ, ಅಡೇನಿಯಂ ಗಿಡಗಳಲ್ಲಿ ಇರುತ್ತದೆ. ಒಂದೆರಡು ಇದ್ದರೆ ಹಾಗೆಯೇ ಬಿಡಿ, ನಂದಿಬಟ್ಟಲು ಮತ್ತೆ ಚಿಗುರುತ್ತದೆ. ಸಣ್ಣ ಅಡೇನಿಯಂ ಕುಂಡದಲ್ಲಿದ್ದರೆ ಮಾತ್ರ ಕೈಯಿಂದ ತೆಗೆದು ದೊಡ್ಡ ನಂದಿಬಟ್ಟಲಿಗೆ ಬಿಡಿ. ಕರಿಬೇವಿನಲ್ಲಿ ಹಕ್ಕಿಯ ಹಿಕ್ಕೆಯಂತೆ ಕಾಣುವ ಹುಳುವಿಗೂ ಇದೇ ಮಾತು, ಅದು ಚಿಟ್ಟೆಯಾಗುವಂಥದ್ದು.

ಹಟ್ಟಿಗೊಬ್ಬರ (ಕುಂಬಳೆ)

ಪಾಮ್ ಗಿಡದ ಕತ್ತರಿಗೆ ಬರೋಣ. ಅದು ನಮ್ಮ ತೆಂಗನ್ನು ಕಾಡುವ ಕುರುವಾಯಿಯೇ, ಮೂಗಿನ ಮೇಲೆ ಕೊಂಬಿರುವ ದುಂಬಿ. ಸುಳಿಯೊಳಗೆ ಮಡಚಿಕೊಂಡಿರುವ ಗರಿಯನ್ನು ಅದು ಕೊರೆಯುತ್ತದೆ, ಗರಿ ಬಿಚ್ಚಿದಾಗ ಆ ಕೊರೆತ ತ್ರಿಕೋನವಾಗಿ ಕಾಣುತ್ತದೆ. ಅಂದರೆ ನೀವು ಇಂದು ನೋಡುತ್ತಿರುವುದು ಹಳೆಯ ಗಾಯ, ದುಂಬಿ ಈಗ ಅಲ್ಲಿ ಇಲ್ಲದೆಯೂ ಇರಬಹುದು. ಸುಳಿಯ ಬುಡದಲ್ಲಿ ಹಸಿ ನಾರು ಹೊರಗೆ ಬಂದಿದ್ದರೆ ಮಾತ್ರ ಒಳಗೆ ಇದೆ, ಕಬ್ಬಿಣದ ಕೊಕ್ಕೆ ಹಾಕಿ ಎಳೆಯಿರಿ. ಮುಂದಕ್ಕೆ ಬಾರದಂತೆ, ಬೇವಿನ ಹಿಂಡಿಯ ಪುಡಿಯನ್ನು ಸಮಪಾಲು ಮರಳಿನೊಂದಿಗೆ ಬೆರೆಸಿ ಮೇಲಿನ ಮೂರು ಗರಿಗಳ ಬುಡಕ್ಕೆ ತುಂಬಿಸಿ. ತೆಂಗಿಗೆ ಹಿಂಡಿ ಇನ್ನೂರ ಐವತ್ತು ಗ್ರಾಂ ಲೆಕ್ಕ, ಸಣ್ಣ ಪಾಮ್‌ಗೆ ಅದರ ಕಾಲು ಭಾಗವೂ ಹೆಚ್ಚು. ನುಸಿಗುಳಿಗೆಯನ್ನು ಮರಳಿನಲ್ಲಿ ಮುಚ್ಚಿ ಇಡುವುದೂ ರೂಢಿಯಲ್ಲಿದೆ, ನಲವತ್ತೈದು ದಿನಕ್ಕೊಮ್ಮೆ ಹೊಸದು ಹಾಕಬೇಕು. ಗಾಯವನ್ನು ಅಲಕ್ಷಿಸಬೇಡಿ, ಏಕೆಂದರೆ ಆ ವಾಸನೆಗೆ ಕೆಂಪು ಮೂತಿ ಹುಳು ಬರುತ್ತದೆ. ಕುರುವಾಯಿ ಗರಿ ಕೆಡಿಸಿದರೆ ಅದು ಮರವನ್ನೇ ಒಳಗಿನಿಂದ ಕೆಡಹುತ್ತದೆ.

ಆದರೆ ಇದೆಲ್ಲ ತುದಿಯ ಕೆಲಸ, ಮೂಲ ಇರುವುದು ಗೊಬ್ಬರದ ಗುಂಡಿಯಲ್ಲಿ. ಕುರುವಾಯಿ ಮೊಟ್ಟೆಯಿಡುವುದು ಹಟ್ಟಿಗೊಬ್ಬರದಲ್ಲಿ, ಕೊಳೆತ ತೆಂಗಿನ ಕಾಂಡದಲ್ಲಿ. ಗೊಬ್ಬರ ಮಗುಚುವಾಗ ಸಿಗುವ ಬಿಳಿಯ, ಬಾಗಿದ ದಪ್ಪ ಹುಳುಗಳನ್ನು ಕೋಳಿಗೆ ಹಾಕಿ, ಗುಂಡಿಗೆ ಮೆಟಾರೈಝಿಯಮ್ ಎಂಬ ಹಸಿರು ಬೂಷ್ಟನ್ನು ಬೆರೆಸಿ. ಅದು ಹುಳುವಿನ ಮೈಮೇಲೆ ಬೆಳೆದು ಅದನ್ನು ಕೊಲ್ಲುತ್ತದೆ, ಗೊಬ್ಬರಕ್ಕೂ ದನಕ್ಕೂ ತೊಂದರೆಯಿಲ್ಲ. ಅಕ್ಕನ ಮನೆಯಲ್ಲಿ ಹಟ್ಟಿ ಇಲ್ಲದಿದ್ದರೂ ಪಕ್ಕದ ತೋಟದಲ್ಲಿ ಕಡಿದು ಹಾಕಿದ ತೆಂಗಿನ ಕೊರಡು ಇರಬಹುದು, ತೋಟದವರೊಂದಿಗೆ ಮಾತನಾಡಿ.

ಹುಲ್ಲುಹಾಸು (ಉಪ್ಪಳ)

ನಡುವೆ ಒಂದು ಪ್ರಶ್ನೆ. ನಮ್ಮ ಹೊಸ ಮನೆಯ ಹುಲ್ಲುಹಾಸು ಅಲ್ಲಲ್ಲಿ ಹಳದಿಯಾಗಿ, ಎಳೆದರೆ ಚಾಪೆಯಂತೆ ಎದ್ದು ಬರುತ್ತಿದೆ. ಕೆಳಗೆ ಬಿಳಿ ಹುಳುಗಳಿವೆ. ಅದೂ ಕುರುವಾಯಿಯೇ?

ಹಟ್ಟಿಗೊಬ್ಬರ (ಕುಂಬಳೆ)

ಅಲ್ಲ, ಅದು ಬೇರುಹುಳು. ಕಂಗಿನ ಬೇರು ತಿನ್ನುವ ಜಾತಿಯದ್ದೂ ಇದೆ. ಕುರುವಾಯಿಯ ಮರಿ ಕೊಳೆತದ್ದನ್ನು ತಿನ್ನುತ್ತದೆ, ಇದು ಜೀವಂತ ಬೇರನ್ನು. ಮೊದಲ ಮಳೆ ಬಿದ್ದ ಕೆಲವು ದಿನ ಮುಸ್ಸಂಜೆಯಲ್ಲಿ ಮಣ್ಣಿನಿಂದ ದುಂಬಿಗಳು ಗುಂಪಾಗಿ ಏಳುತ್ತವೆ. ಆ ಹೊತ್ತಿನಲ್ಲಿ ಹಿಡಿದು ಕೊಂದರೆ ವರ್ಷದ ಕೆಲಸ ಹಗುರವಾಗುತ್ತದೆ. ಈಗ ಎದ್ದ ಹುಲ್ಲನ್ನು ತೆಗೆದು ಮಣ್ಣನ್ನು ಆಳವಾಗಿ ಕೆದಕಿ ಬಿಡಿ, ಕಾಗೆ ಮತ್ತು ಬೆಳ್ಳಕ್ಕಿಗಳು ನೋಡಿಕೊಳ್ಳುತ್ತವೆ.

ಮಲ್ಲಿಗೆ ಕಟ್ಟುವವಳು (ಮಂಜೇಶ್ವರ)

ಗುಲಾಬಿ ಇರುವವರಿಗೂ ಒಂದು ಮಾತು. ಎಲೆಯ ಅಡಿಯಲ್ಲಿ ಸಣ್ಣ ಬಲೆ, ಮೇಲೆ ಹಳದಿ ಚುಕ್ಕೆ ಇದ್ದರೆ ಅದು ಕೀಟವಲ್ಲ, ಎಂಟು ಕಾಲಿನ ನುಸಿ. ಕೀಟನಾಶಕ ಹೊಡೆದರೆ ಅದನ್ನು ತಿನ್ನುವ ಜೀವಿಗಳು ಸತ್ತು ನುಸಿ ಇನ್ನೂ ಹೆಚ್ಚುತ್ತದೆ. ಎಲೆ ತೊಳೆಯಿರಿ. ನೀರಿನಲ್ಲಿ ಕರಗುವ ಗಂಧಕ ಬಳಸುವುದಾದರೆ ಸುಡು ಬಿಸಿಲಿನಲ್ಲಿ ಬೇಡ, ಬೇವಿನೆಣ್ಣೆ ಹೊಡೆದ ಎರಡು ವಾರದೊಳಗೂ ಬೇಡ, ಎರಡು ಸೇರಿದರೆ ಎಲೆ ಸುಡುತ್ತದೆ.

ಸಸಿ ಮಾರುವವ (ಉಪ್ಪಳ)

ಇಷ್ಟು ಓದಿದ ಮೇಲೆ ಒಂದು ಮಾತು ಒಪ್ಪುತ್ತೇನೆ, ನನ್ನಲ್ಲಿ ಸಸಿ ಒಯ್ಯುವವರಿಗೆ ಇನ್ನು ಮುಂದೆ ಎಲೆಯ ಅಡಿ ನೋಡಿ ಒಯ್ಯಿರಿ ಎಂದೇ ಹೇಳುತ್ತೇನೆ. ಹಿಟ್ಟು ತಿಗಣೆ ಊರಿಂದ ಊರಿಗೆ ಹೋಗುವುದು ಹೆಚ್ಚಾಗಿ ನಮ್ಮ ಕುಂಡಗಳಲ್ಲೇ. ಹೊಸ ಸಸಿಯನ್ನು ಒಂದೆರಡು ವಾರ ಬೇರೆಯಾಗಿ ಇಟ್ಟು ನೋಡಿ, ಬಳಿಕ ಇತರ ಗಿಡಗಳ ಜೊತೆ ಇಡಿ. ಔಷಧಿ ಪೂರ್ತಿ ಬೇಡ ಎಂಬ ಮಾತಿಗೆ ನನ್ನ ಒಪ್ಪಿಗೆ ಈಗಲೂ ಇಲ್ಲ, ಸಾವಿರ ಸಸಿ ಇರುವಲ್ಲಿ ಕೈಯಿಂದ ತೆಗೆಯುವುದು ಆಗದ ಕೆಲಸ.

ಅಂಗಳದ ಹೂಗಿಡ (ಬದಿಯಡ್ಕ)

ಬಾಟಲಿಯನ್ನು ಅಂಗಡಿಗೆ ಹಿಂತಿರುಗಿಸಿದ್ದೇನೆ, ಮುಚ್ಚಳ ತೆಗೆಯದ ಕಾರಣ ತೆಗೆದುಕೊಂಡರು. ಗರಿಯ ತುಂಡನ್ನು ಮಗಳ ಶಾಲೆಯ ಭೂತಗನ್ನಡಿಯಲ್ಲಿ ನೋಡಿದೆವು. ಕಪ್ಪು ಕೋಶಗಳಿವೆ, ದುಂಡು ತೂತುಗಳೂ ಇವೆ. ಕೊನೆಯ ಪ್ರಶ್ನೆ ಹಾಗಲದ್ದು. ಮಿಡಿಗಳು ಹಳದಿಯಾಗಿ ಬಾಗಿ ಒಳಗೆ ಹುಳುವಾಗುತ್ತಿವೆ. ಪಕ್ಕದ ಮನೆಯವರು ಗೆರಟೆಯಲ್ಲಿ ತುಳಸಿ ಅರೆದು ಇಟ್ಟರೆ ನೊಣ ಬೀಳುತ್ತದೆ ಎಂದರು. ಇಟ್ಟಿದ್ದೇನೆ, ಹಾಗಲದ ನೊಣ ಬೀಳುತ್ತಿಲ್ಲ.

ತೋಟದ ಬದಿ (ಕಾಟುಕುಕ್ಕೆ)

ತುಳಸಿಯಲ್ಲಿ ಮಿಥೈಲ್ ಯೂಜಿನಾಲ್ ಎಂಬ ಸುವಾಸನೆಯ ಅಂಶವಿದೆ, ಮಾವಿನ ಹಣ್ಣುನೊಣದ ಗಂಡುಗಳು ಅದಕ್ಕೆ ಬರುತ್ತವೆ. ಆ ಕೆಣಿಯನ್ನು ಮಾವು ಬಲಿಯುವ ಹೊತ್ತಿಗೆ ಮರದ ಕೆಳಗೆ ಕಟ್ಟಿ, ನೀರಿಗೆ ಒಂದೆರಡು ತೊಟ್ಟು ಸಾಬೂನು ದ್ರಾವಣ ಸೇರಿಸಿದರೆ ಬಿದ್ದ ನೊಣ ಮೇಲೇಳದು. ಹಾಗಲ, ಪಡುವಲ, ಸೌತೆಯ ನೊಣ ಬೇರೆ ಜಾತಿ, ಅದಕ್ಕೆ ತುಳಸಿಯ ಗೊಡವೆಯಿಲ್ಲ. ಕ್ಯೂ ಲ್ಯೂರ್ ಎಂಬ ಆಕರ್ಷಕದ ಕೆಣಿ ಬೇಕು, ಕೃಷಿಭವನದಲ್ಲಿ ಕೇಳಿದರೆ ಎಲ್ಲಿ ಸಿಗುತ್ತದೆಂದು ಹೇಳುತ್ತಾರೆ. ಬಳ್ಳಿ ಹೂ ಬಿಡುವ ಮೊದಲೇ ಚಪ್ಪರದ ಎತ್ತರಕ್ಕೆ ಕಟ್ಟಬೇಕು. ಕೆಣಿಗೆ ಬೀಳುವುದು ಗಂಡು ಮಾತ್ರ, ಆದುದರಿಂದ ಮಿಡಿಗಳಿಗೆ ಕಾಗದದ ಚೀಲವನ್ನೂ ಕಟ್ಟಿ. ಹುಳುವಾದ ಮಿಡಿಗಳನ್ನು ಬುಡದಲ್ಲಿ ಬಿಡಬೇಡಿ, ಗೊಬ್ಬರದ ಗುಂಡಿಗೂ ಹಾಕಬೇಡಿ. ಹುಳು ಮಣ್ಣಿಗಿಳಿದು ಮತ್ತೆ ನೊಣವಾಗಿ ಬರುತ್ತದೆ. ಗಟ್ಟಿಯಾಗಿ ಕಟ್ಟಿದ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಕೆಲವು ದಿನ ಬಿಸಿಲಿಗೆ ಇಟ್ಟ ಮೇಲೆ ಎಲ್ಲಿ ಬೇಕಾದರೂ ಹೂಳಬಹುದು.